ಹಳೆಯದರಲ್ಲಿ ಯಾವುದು ಹೋಗಬೇಕು?

ಕ್ರೈಸ್ತ ವಿಶ್ವಾಸಕ್ಕೆ ಬಂದವರು ತಮ್ಮ ಹಿಂದಿನದನ್ನೆಲ್ಲ ಬಿಟ್ಟುಬಿಡುತ್ತಾರೆ ಎಂಬುದರಲ್ಲಿ ಸಭಾಪಾಲಕರಿಗೂ ಮತಾಂತರದ ವಿರೋಧಿಗಳಿಗೂ ಜಗಳವೇ ಇಲ್ಲ. ಮೊದಲನೆಯವರು ಅದನ್ನು ಹಿಗ್ಗಿನಿಂದ ಹೇಳುತ್ತಾರೆ, ಎರಡನೆಯವರು ಸಿಟ್ಟಿನಿಂದ. ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳಲು ಎದ್ದವರು, ದೀಕ್ಷಾಸ್ನಾನದ ನೀರಿನಲ್ಲಿ ಹಳೆಯ ಮನುಷ್ಯ ಸತ್ತ, ಹೊಸಬ ಎದ್ದುಬಂದ ಎನ್ನುತ್ತಾರೆ. ವಿರೋಧಿಸುವವರು ಅದೇ ಮಾತನ್ನು ಹಿಡಿದುಕೊಂಡು ಹೆಸರು ಹೋಯಿತು, ಹಬ್ಬ ಹೋಯಿತು, ಬೇರೇ ಕಿತ್ತುಹೋಯಿತು ಎನ್ನುತ್ತಾರೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದ ಬೆನ್ನಿಗೇ ‘ವಿಜಯ ಕರ್ನಾಟಕ’ ಪತ್ರಿಕೆಯಲ್ಲಿ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರ ಲೇಖನದಿಂದ ಹೊತ್ತಿಕೊಂಡ ಮತಾಂತರದ ಚರ್ಚೆ ನೆನಪಿರುವವರಿಗೆ ಈ ಎರಡು ದನಿಗಳೂ ಗೊತ್ತು. ಆ ಚರ್ಚೆಯ ಗದ್ದಲದಲ್ಲಿ ಒಂದು ಪ್ರಶ್ನೆ ಮೂಲೆಗೆ ಸರಿಯಿತು: ಹಳೆಯದೆಂದರೆ ಯಾವುದು? ಅದರಲ್ಲಿ ಯಾವುದನ್ನು ಬಿಡಬೇಕೆಂದು ಈ ವಿಶ್ವಾಸ ಕೇಳುತ್ತದೆ, ಯಾವುದನ್ನು ಕೇಳುವುದೇ ಇಲ್ಲ?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿನಿಂದ ಬಂದ ಮೇಲುಕೀಳಿನ ಲೆಕ್ಕವನ್ನು ಬಿಡಬೇಕೆಂದು ಕ್ರೈಸ್ತ ವಿಶ್ವಾಸ ಕಡ್ಡಾಯವಾಗಿ ಕೇಳುತ್ತದೆ. ಭಾಷೆ, ಹೆಸರು, ಉಡುಗೆ, ಹಾಡು, ಊಟಗಳನ್ನು ಬಿಡಿ ಎಂದು ಕೇಳುವುದಿಲ್ಲ. ನಮ್ಮಲ್ಲಿ ನಡೆದದ್ದು ಬಹುಮಟ್ಟಿಗೆ ತಿರುಗುಮುರುಗು. ಹೆಸರು ಬಿಟ್ಟೆವು, ಜಾತಿ ಉಳಿಸಿಕೊಂಡೆವು. ಪಂಚೆ ಬಿಟ್ಟೆವು, ಮನೆತನದ ಬಿಂಕ ಉಳಿಸಿಕೊಂಡೆವು. ಹೌನ್ಸ್ಲೋಗೆ ಬಂದ ಮೇಲೆ ಕನ್ನಡವನ್ನೂ ಬಿಡುತ್ತಿದ್ದೇವೆ.

ಪಶ್ಚಿಮ ಲಂಡನ್ನಿನ ಈ ಊರಿಗೆ ಹೀತ್ರೂ ವಿಮಾನ ನಿಲ್ದಾಣ ಮಗ್ಗುಲಲ್ಲೇ ಇದೆ. 2021ರ ಜನಗಣತಿಯ ಪ್ರಕಾರ ಹೌನ್ಸ್ಲೋ ಆಡಳಿತ ಪ್ರದೇಶದಲ್ಲಿ ಸುಮಾರು 2.88 ಲಕ್ಷ ಜನರಿದ್ದಾರೆ. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರು ಏಷ್ಯಾ ಮೂಲದವರು. ವಲಸೆ ಬಂದವರು ಹೇಗೂ ಒಂದು ಗುರುತನ್ನು ಹಿಂದೆ ಬಿಟ್ಟೇ ಬಂದಿರುತ್ತಾರೆ. ಹಾಗಾಗಿ ಹಳೆಯದನ್ನು ಬಿಡಿ ಎಂಬ ಬೋಧನೆ ಇಲ್ಲಿ ಕಿವಿಗೆ ಬಲು ಬೇಗ ಹಿತವಾಗುತ್ತದೆ. ಹೊಸ ದೇಶ ಕೇಳುವುದನ್ನೂ ದೇವರು ಕೇಳುವುದನ್ನೂ ಒಂದೇ ಎಂದು ಭಾವಿಸುವುದು ಇಲ್ಲಿ ಸುಲಭ. ಮಕ್ಕಳಿಗೆ ಕನ್ನಡ ಕಲಿಸದಿರುವುದಕ್ಕೆ, ಊರಿನ ಅಜ್ಜಿಯ ಕಥೆ ಹೇಳದಿರುವುದಕ್ಕೆ ಆತ್ಮೀಕ ಕಾರಣವೂ ಸಿಕ್ಕಿಬಿಡುತ್ತದೆ.

ಈ ಬೋಧನೆಗೆ ಆಧಾರವಾಗಿ ಎಲ್ಲರೂ ತೋರಿಸುವುದು ಪೌಲನನ್ನು. ದಮಸ್ಕದ ದಾರಿಯಲ್ಲಿ ಸೌಲ ಬಿದ್ದ, ಪೌಲನಾಗಿ ಎದ್ದ ಎಂಬ ಪ್ರಸಂಗವನ್ನು ಕೇಳದ ಕ್ರೈಸ್ತ ಮಗುವಿಲ್ಲ. ಸತ್ಯವೇದದಲ್ಲಿ ಆ ಪ್ರಸಂಗ ಹಾಗಿಲ್ಲ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಸೌಲನ ಮನಸ್ಸು ತಿರುಗುತ್ತದೆ. ಆಮೇಲೂ ಅವನು ಸೌಲನೇ. 13ನೇ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದಲ್ಲಿ ರೋಮನ್ ಅಧಿಕಾರಿಯೊಬ್ಬನ ಎದುರು ನಿಂತಾಗ, ಇವನಿಗೆ ಪೌಲ ಎಂಬ ಹೆಸರೂ ಇತ್ತು ಎಂದು ಬರೆದವನು ತಿಳಿಸುತ್ತಾನೆ. ಯೆಹೂದ್ಯರ ನಡುವೆ ಒಂದು, ರೋಮನ್ನರ ನಡುವೆ ಒಂದು ಎಂದು ಎರಡು ಹೆಸರಿದ್ದ ಮನುಷ್ಯ ಅವನು. ದಾರಿಯಲ್ಲಿ ಅವನನ್ನು ತಡೆದ ದನಿಯೂ ಹಳೆಯ ಹೆಸರಿನಿಂದಲೇ, ಅದೂ ಎರಡು ಸಲ, ಅವನ ಸ್ವಂತ ಜನರ ಭಾಷೆಯಲ್ಲೇ ಕರೆಯಿತೆಂದು ಮುಂದೆ 26ನೇ ಅಧ್ಯಾಯದಲ್ಲಿ ಅವನೇ ರಾಜನ ಮುಂದೆ ಹೇಳುತ್ತಾನೆ. ಎಷ್ಟೋ ವರ್ಷದ ನಂತರ ಯೆರೂಸಲೇಮಿನಲ್ಲಿ ಗುಂಪು ಮುತ್ತಿಕೊಂಡಾಗ ತಾನು ತಾರ್ಸದಲ್ಲಿ ಹುಟ್ಟಿದ ಯೆಹೂದ್ಯನೆಂದು ಅವರ ಮಾತಿನಲ್ಲೇ ಪರಿಚಯ ಹೇಳಿಕೊಂಡ.

ಹಾಗಾದರೆ ಅವನು ಏನನ್ನೂ ಬಿಡಲಿಲ್ಲವೆ? ಬಿಟ್ಟ. ಬಿಟ್ಟದ್ದರ ಪಟ್ಟಿಯನ್ನು ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಒಂದೊಂದಾಗಿ ಕೊಟ್ಟಿದ್ದಾನೆ: ಒಳ್ಳೆಯ ಕುಲ, ಬೆನ್ಯಾಮೀನನ ವಂಶ, ಎಂಟನೇ ದಿನದ ಸಂಸ್ಕಾರ, ಫರಿಸಾಯನೆಂಬ ಪ್ರತಿಷ್ಠೆ. ಇವನ್ನೆಲ್ಲ ಲಾಭದ ಕಡೆಯಿಂದ ನಷ್ಟದ ಕಡೆಗೆ ಬರೆದುಕೊಂಡೆ ಎನ್ನುತ್ತಾನೆ. ತಾನು ಯೆಹೂದ್ಯನೆಂಬುದನ್ನು ಅವನು ಅಳಿಸಲಿಲ್ಲ, ಅದರ ಬಲದಿಂದ ಇನ್ನೊಬ್ಬನಿಗಿಂತ ಮೇಲೆ ಕೂರುವ ಹಕ್ಕನ್ನು ಬಿಟ್ಟುಕೊಟ್ಟ. ಅದೇ ರೀತಿ, ಯೆಹೂದ್ಯರಲ್ಲದವರು ವಿಶ್ವಾಸಕ್ಕೆ ಬರಬೇಕಾದರೆ ಮೊದಲು ಯೆಹೂದ್ಯರಂತೆ ಆಗಬೇಕು ಎಂಬ ವಾದ ಎದ್ದಾಗ ಯೆರೂಸಲೇಮಿನ ಹಿರಿಯರು ಕೂಡಿ ಅದನ್ನು ತಳ್ಳಿಹಾಕಿದರು. ಗ್ರೀಕನು ಗ್ರೀಕನಾಗಿಯೇ ಬರಬಹುದಾಗಿತ್ತು. ಆರಂಭದ ಸಭೆಗಳಲ್ಲಿ ಅಪೊಲ್ಲೋಸ, ಫೊಯಿಬೆ, ಹೆರ್ಮೆ ಎಂಬವರು ಗ್ರೀಕ್ ದೇವದೇವತೆಗಳ ನೆನಪಿದ್ದ ಹೆಸರುಗಳನ್ನೇ ಇಟ್ಟುಕೊಂಡು ಗೌರವದಿಂದ ದುಡಿದರು. ಹೆಸರು ಬದಲಿಸಿರೆಂದು ಪೌಲ ಅವರಾರಿಗೂ ಬರೆಯಲಿಲ್ಲ.

ಕನ್ನಡಿಗರಿಗೆ ಇದು ಹೊಸ ವಿಚಾರವಾಗಬೇಕಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಜನಿವಾರ ಬಿಟ್ಟ. ಅದು ಮೇಲಿನವನ ಗುರುತು. ಆದರೆ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ತಮ್ಮ ಕಸುಬಿನ, ಕುಲದ ಹೆಸರನ್ನು ಬಿಡಲಿಲ್ಲ. ಅನುಭವ ಮಂಟಪದಲ್ಲಿ ಆ ಹೆಸರುಗಳಿಗೆ ಅಂಟಿದ್ದ ಕೀಳರಿಮೆ ತೊಳೆದುಹೋಯಿತು, ಹೆಸರು ನಿಂತಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಅರಸೊತ್ತಿಗೆ ಕೆರಳಿದ್ದು ಏಕೆಂದು ಕೇಳಿದರೆ ಉತ್ತರ ಅಲ್ಲೇ ಇದೆ. ಉಡುಗೆ, ಹಾಡು, ಭಾಷೆ ಬದಲಾದರೆ ಜಾತಿಯ ಅಧಿಕಾರ ತಲೆಕೆಡಿಸಿಕೊಳ್ಳುವುದಿಲ್ಲ. ಯಾರು ಯಾರ ಮನೆಯಲ್ಲಿ ಹೆಣ್ಣು ತರುತ್ತಾರೆ ಎಂಬುದು ಬದಲಾದಾಗ ಮಾತ್ರ ರಕ್ತ ಹರಿಯುತ್ತದೆ. ನಿಜವಾಗಿ ಏನನ್ನಾದರೂ ಬಿಟ್ಟಿದ್ದೇವೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಈ ಪರೀಕ್ಷೆಯನ್ನು ನಮ್ಮ ಕ್ರೈಸ್ತ ಚರಿತ್ರೆಗೆ ಒಡ್ಡಿ ನೋಡೋಣ. 1560ರಲ್ಲಿ ಪೋರ್ಚುಗೀಸರ ಗೋವೆಯಲ್ಲಿ ಇನ್‌ಕ್ವಿಸಿಷನ್ ನ್ಯಾಯಪೀಠ ಕೂತಿತು. 1736ರಲ್ಲಿ ಅದು ಹೊರಡಿಸಿದ ಆಜ್ಞೆ ಕ್ರೈಸ್ತರ ಅಂಗಳದ ತುಳಸಿಯನ್ನೂ ಮದುವೆಯ ಹೂವು ವೀಳ್ಯವನ್ನೂ ಗಂಡಸರ ಪಂಚೆಯನ್ನೂ ನಿಷೇಧಿಸಿತು. ಎಷ್ಟೋ ಕುಟುಂಬಗಳು ಕಾಲಕಾಲಕ್ಕೆ ಗೋವೆ ಬಿಟ್ಟು ಕನ್ನಡ ಜಿಲ್ಲೆಗೆ ಬಂದವು. ಹೆಸರಿನ ಕೊನೆಗೆ ಪೋರ್ಚುಗೀಸ್ ಅಡ್ಡಹೆಸರು ಸೇರಿತು. ತುಳಸಿ ಗಿಡದ ಮೇಲೆ ಅಷ್ಟು ಕಣ್ಣಿಟ್ಟಿದ್ದ ಆ ಅಧಿಕಾರ ಬಾಮೊಣ್, ಚಾರೊಡಿ, ಶುದಿರ್ ಎಂಬ ಜಾತಿಭೇದವನ್ನು ಕಿತ್ತುಹಾಕಲಿಲ್ಲ. ಗೋವೆಯ ಚರ್ಚುಗಳ ಭಕ್ತ ಸಂಘಗಳೇ ಜಾತಿಯ ಪ್ರಕಾರ ಬೇರೆಬೇರೆಯಾಗಿದ್ದವು. ಕರಾವಳಿಯ ಕಥೋಲಿಕರು ಮದುವೆಯ ಮುನ್ನಾದಿನದ ರೋಸಿನ ತೆಂಗಿನ ಹಾಲನ್ನೂ ಸೆಪ್ಟೆಂಬರ್ 8ರ ಮೋಂತಿ ಹಬ್ಬದ ಹೊಸ ತೆನೆಯನ್ನೂ ಉಳಿಸಿಕೊಂಡರು. ಅದಕ್ಕಾಗಿ ಅವರನ್ನು ಅರೆಕ್ರೈಸ್ತರೆಂದು ಕರೆಯುವವರು ಇಂದಿಗೂ ಇದ್ದಾರೆ. ನನ್ನ ಮಟ್ಟಿಗೆ ಹೊಸ ಅಕ್ಕಿಯನ್ನು ಮಾತೆ ಮರಿಯಳ ಜನ್ಮದಿನದಂದು ಹಂಚಿ ಉಣ್ಣುವುದರಲ್ಲಿ ದೋಷವಿಲ್ಲ. ದೋಷವಿರುವುದು ಆ ಊಟ ಮುಗಿಸಿ, ಮಗಳಿಗೆ ಬಂದ ಸಂಬಂಧ ಯಾವ ವರ್ಗದ ಮನೆಯದ್ದೆಂದು ತಗ್ಗಿದ ದನಿಯಲ್ಲಿ ವಿಚಾರಿಸುವುದರಲ್ಲಿ.

ಸಂಸ್ಕೃತಿಯನ್ನು ಉಳಿಸಿಕೊಂಡರೆ ಸಾಕು ಎನ್ನುವವರಿಗೂ ಇಲ್ಲಿ ಪಾಠವಿದೆ. ಮದುರೆಯಲ್ಲಿ ಜೆಸ್ವಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿಯುಟ್ಟು ಸನ್ಯಾಸಿಯಂತೆ ಬಾಳಿದ. ಕ್ರೈಸ್ತನಾದ ಬ್ರಾಹ್ಮಣ ಜುಟ್ಟು ಜನಿವಾರ ಇಟ್ಟುಕೊಳ್ಳಬಹುದೆಂದು 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿಯಿಂದ ಒಪ್ಪಿಗೆಯೂ ಬಂತು. ಅದೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿ ಹಿಡಿದದ್ದೂ ಆ ಸನ್ಯಾಸಿ ದಾರಿಯನ್ನೇ. ಭಾಷೆ, ಉಡುಗೆ, ಊಟದ ಮಟ್ಟಿಗೆ ಅವರ ಗೌರವ ದೊಡ್ಡದು. ಆದರೆ ಮದುರೆ ಮಿಷನ್ನಿನಲ್ಲಿ ಮೇಲ್ಜಾತಿಗೆ ಒಬ್ಬ ಗುರು, ಕೆಳಜಾತಿಗೆ ಇನ್ನೊಬ್ಬ ಗುರು ಎಂದಾಯಿತು. ಉಳಿಸಿಕೊಳ್ಳಬಹುದಾದದ್ದರ ಜೊತೆಗೆ ಬಿಡಬೇಕಾದದ್ದೂ ಉಳಿದುಬಿಟ್ಟಿತು. ಗೋವೆಯ ಅಧಿಕಾರಿ ಎಲ್ಲವನ್ನೂ ಕಿತ್ತೊಗೆಯಲು ಹೊರಟ, ಮದುರೆಯ ಗುರು ಎಲ್ಲವನ್ನೂ ಕಾಪಾಡಲು ಹೊರಟ. ಜಾತಿ ಎರಡು ಕಡೆಯೂ ಕ್ಷೇಮವಾಗಿತ್ತು.

ಕನ್ನಡದ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ ಮಂಗಳೂರಿನದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಅಲ್ಲಿಗೆ ಬಂದರು. 1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ, ಜೊತೆಗಾರರೊಂದಿಗೆ, ದೀಕ್ಷಾಸ್ನಾನ ಪಡೆದ. ‘ಮಂಗಳೂರು ಸಮಾಚಾರ’ ಪತ್ರಿಕೆಯ ಹೆರ್ಮನ್ ಮೊಗ್ಲಿಂಗ್ ಅವನ ಗುರು, ಗುರುವಿನ ಹೆಸರೇ ಶಿಷ್ಯನಿಗೂ ಸೇರಿತು. ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ ಆತ ಹೆರ್ಮನ್ ಆನಂದರಾವ್ ಕೌಂಡಿನ್ಯ. ಋಷಿಯ ಹೆಸರಿನ ಗೋತ್ರವನ್ನು ಅವರು ಅಳಿಸಿಹಾಕಲಿಲ್ಲ. ಕರಾವಳಿಯ ಪ್ರೊಟೆಸ್ಟಂಟ್ ಮನೆಗಳಲ್ಲಿ ಕೌಂಡಿನ್ಯ ಎಂಬ ಹೆಸರು ಉಳಿಯಿತು. ಅವರು ಬಿಟ್ಟದ್ದೇನೆಂದು ತಿಳಿಯಲು ಕೊಡಗಿನ ಆನಂದಪುರವನ್ನು ನೋಡಬೇಕು. ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದ ಮೇಲೆ ಅಲ್ಲಿ ಹೊಲೆಯ ಸಮುದಾಯದಿಂದ ಬಂದ ವಿಶ್ವಾಸಿಗಳಿಗಾಗಿ ಎದ್ದ ನೆಲೆ ಅದು. ಆ ನೆಲೆಯ ಚರಿತ್ರೆಯಲ್ಲಿ ಈ ಸಾರಸ್ವತನ ಹೆಸರೂ ಸೇರಿಕೊಂಡಿದೆ. ಹೆಸರು ಹಾಗೇ ಇದ್ದು, ಯಾರ ಜೊತೆ ಬಾಳುತ್ತೇನೆ ಎಂಬುದು ಬದಲಾಗುವುದನ್ನೇ ನಾನು ಬಿಡುಗಡೆ ಎನ್ನುತ್ತೇನೆ.

ಬಾಸೆಲ್ ಮಿಷನ್ನಿನವರದೂ ನಿಷ್ಕಳಂಕ ಚರಿತ್ರೆಯಲ್ಲ. ಮೂರ್ತೆಗಾರ ಬಿಲ್ಲವರು ವಿಶ್ವಾಸಕ್ಕೆ ಬಂದಾಗ ಶೇಂದಿ ಇಳಿಸುವ ಕಸುಬನ್ನು ಬಿಡಬೇಕಾಯಿತು. ಮನೆಯ, ನೆಂಟರ ಆಸರೆಯೂ ತಪ್ಪಿತು. ಬಿಡಿ ಎಂದು ಹೇಳಿದವರೇ ಅನ್ನದ ದಾರಿಯನ್ನೂ ತೋರಿಸಬೇಕೆಂಬ ಹೊಣೆ ಅವರಿಗೆ ಅರಿವಾಯಿತು. ನೇಯ್ಗೆ ಶಾಲೆಗಳು ಬಂದವು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಜಗತ್ತೆಲ್ಲ ಕೊಂಡ ಮಂಗಳೂರು ಹೆಂಚಿನ ಹಿಂದೆ ನಿಲ್ಲಲು ನೆಲ ಕೇಳಿದ ಹೊಸ ವಿಶ್ವಾಸಿಗಳ ಬೆವರಿದೆ. ಗುರುತನ್ನು ಬಿಡುವುದು ಮನಸ್ಸಿನೊಳಗಿನ ಒಂದು ಗಳಿಗೆಯ ಕೆಲಸವೆಂದು ಬೋಧಿಸುವವರು ಈ ಚರಿತ್ರೆಯನ್ನು ಓದಬೇಕು. ಇನ್ನೊಂದೆಡೆ 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದರು, 1894ರಲ್ಲಿ ನಿಘಂಟು ಕೊಟ್ಟರು. ಜರ್ಮನಿಯಿಂದ ಬಂದ ಪಾದ್ರಿಗೆ ಕನ್ನಡದ ಹಾಡುಗಟ್ಟು ಅಪವಿತ್ರವಾಗಿ ಕಾಣಲಿಲ್ಲ. ಹೌನ್ಸ್ಲೋದಲ್ಲಿರುವ ನಮಗೆ ಕಾಣುತ್ತಿದೆ ಎಂದರೆ ನಾವು ಎಲ್ಲಿ ಕಲಿತೆವು ಅದನ್ನು?

ಈ ವಾದಕ್ಕೆ ಬರಬಹುದಾದ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ದಲಿತ ಕ್ರೈಸ್ತರದು. ಹಳೆಯ ಹೆಸರು ಉಳಿಸಿಕೊಳ್ಳಿ ಎಂಬ ಉಪದೇಶ ಕೌಂಡಿನ್ಯರಂಥವರಿಗೆ ಹಿತವಾಗಬಹುದು, ಊರವರು ಅವಮಾನಿಸಲೆಂದೇ ಇಟ್ಟ ಹೆಸರನ್ನು ಹೊತ್ತವರಿಗೆ ಹೇಗಾಗುತ್ತದೆ? ಅವರಿಗೆ ಯೋಹಾನ, ಮಾರ್ಥ ಎಂಬ ಹೊಸ ಹೆಸರು ಮೊದಲ ಬಾರಿಗೆ ಮನುಷ್ಯರಂತೆ ಕರೆಸಿಕೊಂಡ ಅನುಭವ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಇದು ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ. ಮೇಲುಕೀಳಿನ ವ್ಯವಸ್ಥೆ ಮೇಲಿನವನಿಗೆ ಹೆಮ್ಮೆಯನ್ನೂ ಕೆಳಗಿನವನಿಗೆ ನಾಚಿಕೆಯನ್ನೂ ಹೊರಿಸಿತು. ಎರಡೂ ಹೋಗಬೇಕು. ನಾಚಿಕೆಯೇ ಹೆಸರಾಗಿ ಅಂಟಿದ್ದರೆ ಆ ಹೆಸರನ್ನು ಎಸೆಯುವ ಹಕ್ಕು ಅದನ್ನು ಹೊತ್ತವರದೇ. ಎಸೆಯಬೇಕೋ, ಮಾದಾರ ಚೆನ್ನಯ್ಯನಂತೆ ತಲೆಯೆತ್ತಿ ಧರಿಸಬೇಕೋ ಎಂದು ತೀರ್ಮಾನಿಸಲು ಸಭಾಪಾಲಕರಿಗೂ ಅಧಿಕಾರವಿಲ್ಲ, ಸಂಸ್ಕೃತಿ ರಕ್ಷಕರಿಗೂ ಇಲ್ಲ.

ಆದರೆ ಹೆಸರು ಬದಲಿಸಿದ ಮೇಲೆ ಏನಾಯಿತು? 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಸಿಕ್ಕಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ಕರಗಿಹೋಗುತ್ತದೆಂದು ಸರ್ಕಾರ ನಂಬಿತು. ಸಾಕ್ಷಿ ಹೇಳುವವರಿಗಿಂತ ಗಾಢವಾದ ನಂಬಿಕೆ ಅದು. ಚರ್ಚಿನೊಳಗೆ ಮಾತ್ರ ಜಾತಿ ಕರಗಿರಲಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣದ ನೀತಿಯಲ್ಲಿ ಅಸ್ಪೃಶ್ಯತೆ ಸಭೆಯೊಳಗೂ ಇದೆ ಎಂದು ಒಪ್ಪಿಕೊಂಡಿತು. ಮತಾಂತರದಿಂದ ಎಲ್ಲ ಬದಲಾಗುತ್ತದೆಂದು ಹೆದರುವವರೂ ಹಿಗ್ಗುವವರೂ ಈ ಒಪ್ಪಿಗೆಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಬದಲಾಗಲೇಬೇಕಿದ್ದದ್ದು ಬದಲಾಗಿಲ್ಲ.

ಸಮುದ್ರ ದಾಟಿದರೆ ಜಾತಿ ತಾನಾಗಿ ಕಳಚುತ್ತದೆ ಎಂಬುದೂ ಸುಳ್ಳು. ಬಿಹಾರ ಮೂಲದ ಆದಿವಾಸಿ ಕ್ರೈಸ್ತ ಮಹಿಳೆಯೊಬ್ಬರನ್ನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ಭಾರತೀಯ ಮನೆಯೊಂದು ವರ್ಷಗಟ್ಟಲೆ ಜುಜುಬಿ ಸಂಬಳಕ್ಕೆ ದುಡಿಸಿಕೊಂಡ ಪ್ರಕರಣ ಇಲ್ಲಿನ ಉದ್ಯೋಗ ನ್ಯಾಯಮಂಡಳಿಯ ಮುಂದೆ ಬಂತು. ಆಕೆಗೆ ತನ್ನ ಸತ್ಯವೇದವನ್ನು ತರಲೂ ಬಿಟ್ಟಿರಲಿಲ್ಲ, ಚರ್ಚಿಗೆ ಹೋಗಲೂ ಬಿಟ್ಟಿರಲಿಲ್ಲ. 2015ರಲ್ಲಿ ಬಾಕಿ ಸಂಬಳವಾಗಿಯೇ 1.83 ಲಕ್ಷ ಪೌಂಡಿಗೂ ಹೆಚ್ಚು ಕೊಡಬೇಕೆಂದು ತೀರ್ಪಾಯಿತು. ಅದೇ ಪ್ರಕರಣದಲ್ಲಿ ಮೇಲ್ಮನವಿ ಮಂಡಳಿ, ಜಾತಿಯ ತಾರತಮ್ಯವೂ ಜನಾಂಗೀಯ ಮೂಲದ ತಾರತಮ್ಯದಡಿ ಬರಬಹುದೆಂದಿತು. ಜಾತಿಯನ್ನು ಹೆಸರಿಸಿ ಪ್ರತ್ಯೇಕ ಕಾನೂನು ಮಾಡುವುದಿಲ್ಲವೆಂದು ಬ್ರಿಟನ್ ಸರ್ಕಾರ 2018ರಲ್ಲಿ ತೀರ್ಮಾನಿಸಿತು. ಕಾನೂನು ಕೈಬಿಟ್ಟ ಕಡೆ ಸಭೆಗಳಾದರೂ ಮಾತಾಡಬೇಕಿತ್ತು. ಹಳೆಯ ಮನುಷ್ಯ ಸತ್ತ ಎಂದು ಸಾರುವ ನಮ್ಮ ಸಭೆಗಳ ಬೋಧನೆಯಲ್ಲಿ ಜಾತಿ ಎಂಬ ಮಾತು ಕೇಳಿಬರುವುದು ಅಪರೂಪ.

ನಿಜ, ಎಲ್ಲವನ್ನೂ ಉಳಿಸಿಕೊಳ್ಳಲಾಗದು. ಆರಾಧನೆ ಬದಲಾಗುತ್ತದೆ. ತುಳುನಾಡಿನವನು ಕ್ರಿಸ್ತನನ್ನು ಒಪ್ಪಿದರೆ ಕುಟುಂಬದ ದೈವದ ಕೋಲದಲ್ಲಿ ಪ್ರಸಾದಕ್ಕೆ ಕೈಚಾಚಲಾರ. ಆ ನಷ್ಟ ಅವನಿಗೂ ಮನೆಯವರಿಗೂ ನೋವಿನದು, ಅದನ್ನು ಹಗುರ ಮಾಡಿ ಹೇಳುವುದು ಅಪ್ರಾಮಾಣಿಕ. ಕುಡಿತ, ಹೊಡೆತ, ಮೋಸಗಳೂ ಹೋಗಬೇಕು. ಆದರೆ ಇಲ್ಲಿಯೂ ಬಿಡುವುದೆಂದರೆ ಮರೆಯುವುದೆಂದು ತಿಳಿಯುವ ಅಪಾಯವಿದೆ. ಗುಲಾಮರ ಹಡಗಿನ ನಾವಿಕ ಜಾನ್ ನ್ಯೂಟನ್ 1748ರ ಬಿರುಗಾಳಿಯಲ್ಲಿ ದೇವರ ಕಡೆ ತಿರುಗಿದನೆಂಬ ಕಥೆ ಲಂಡನ್ನಿನ ಪ್ರತಿ ಸಭೆಯಲ್ಲೂ ಕೇಳಸಿಗುತ್ತದೆ. ಆ ಬಿರುಗಾಳಿಯ ನಂತರವೂ ಅವನು 1754ರವರೆಗೆ ಗುಲಾಮರನ್ನು ಸಾಗಿಸಿದ ಎಂಬ ಭಾಗವನ್ನು ಬಿಟ್ಟು ಹೇಳುತ್ತಾರೆ. ತನ್ನ ಕಸುಬಿನ ಕ್ರೌರ್ಯವನ್ನು ಬಯಲಿಗಿಟ್ಟ ಪುಸ್ತಿಕೆಯನ್ನು ಅವನು ಪ್ರಕಟಿಸಿದ್ದು 1788ರಲ್ಲಿ, ಲಂಡನ್ ನಗರದ ಸೇಂಟ್ ಮೇರಿ ವೂಲ್ನಾತ್ ಚರ್ಚಿನ ಪಾದ್ರಿಯಾಗಿದ್ದಾಗ. ಹಳೆಯದು ಸತ್ತುಹೋಯಿತು ಎಂದು ಅವನು ಬಾಯಿ ಮುಚ್ಚಿಕೊಂಡಿದ್ದರೆ ಆ ಸಾಕ್ಷ್ಯ ಗುಲಾಮಗಿರಿಯ ವಿರುದ್ಧ ಹೋರಾಡಿದವರ ಕೈಗೆ ಸಿಗುತ್ತಿರಲಿಲ್ಲ. ನಲವತ್ತು ವರ್ಷ ತಡವಾಗಿಯಾದರೂ ಅವನು ತನ್ನ ಹಿಂದಿನದನ್ನು ನೆನೆದ, ಲೆಕ್ಕ ಒಪ್ಪಿಸಿದ. ಹಿಂಸಿಸಿದವನಿಗೆ ಮರೆವು ಸುಖ. ಹಿಂಸೆಗೊಳಗಾದವನಿಗೆ ಅದರಿಂದ ಬರುವುದೇನೂ ಇಲ್ಲ.

ಬಿಡುಗಡೆಯೆಂದರೆ ತನ್ನವರಿಂದ ಕಡಿದುಕೊಳ್ಳುವುದಲ್ಲ ಎಂಬುದಕ್ಕೆ ಹೌನ್ಸ್ಲೋದ ಚರಿತ್ರೆಯಲ್ಲೇ ಒಂದು ಆಧಾರವಿದೆ. ಹೈ ಸ್ಟ್ರೀಟಿನ ಹೋಲಿ ಟ್ರಿನಿಟಿ ಚರ್ಚಿನ ಜಾಗದಲ್ಲಿ ಹದಿಮೂರನೇ ಶತಮಾನದಿಂದ ತ್ರಿತ್ವ ಸಭೆಯ ಸನ್ಯಾಸಿಗಳ ಮಠವಿತ್ತು. 1538ರಲ್ಲಿ ಅದನ್ನು ಮುಚ್ಚಿಸಿದರು. ಯುದ್ಧದಲ್ಲಿ, ಕಡಲಿನಲ್ಲಿ ಸೆರೆಸಿಕ್ಕವರನ್ನು ಹಣ ಕೊಟ್ಟು ಬಿಡಿಸುವುದು ಆ ಸಭೆಯ ಮುಖ್ಯ ವ್ರತ. 1198ರಲ್ಲಿ ಒಪ್ಪಿಗೆ ಪಡೆದ ಅವರ ನಿಯಮದ ಪ್ರಕಾರ ಆದಾಯದ ಮೂರನೇ ಒಂದು ಪಾಲು ಅದಕ್ಕೇ ಮೀಸಲು. ಬಿಡಿಸಿದವರ ಸಂಕೋಲೆ ಕಳಚುವುದು, ಅವರನ್ನು ತಮ್ಮ ಊರಿಗೆ, ತಮ್ಮವರ ಬಳಿಗೆ ಕಳಿಸುವುದು ಅದರ ಗುರಿ. ವಿಮೋಚನೆ ಎಂಬ ಕ್ರೈಸ್ತ ಮಾತಿಗೆ ಇದಕ್ಕಿಂತ ನೇರವಾದ ಆಚರಣೆ ಸಿಗುವುದು ಕಷ್ಟ. ಬಿಡುಗಡೆಯಾದವನು ಮನೆಯವರಿಗೆ ಮತ್ತೆ ಸಿಗಬೇಕು. ನಮ್ಮಲ್ಲಿ ವಿಶ್ವಾಸಕ್ಕೆ ಬಂದವನು ಮನೆಯವರಿಗೆ ಕಳೆದುಹೋಗುತ್ತಾನೆ. ಅದನ್ನೇ ಅವನ ವಿಶ್ವಾಸದ ಆಳವೆಂದು ಮೆಚ್ಚುತ್ತೇವೆ.

ಆದ್ದರಿಂದ ಇಲ್ಲಿನ ನಮ್ಮ ಸಭೆಗಳಿಗೆ ಹೇಳಬೇಕಾದದ್ದು ಇಷ್ಟು. ಸಾಕ್ಷಿ ಹೇಳಲು ಎದ್ದವರನ್ನು, ನೀವು ಯಾವ ದೇವರನ್ನು, ಯಾವ ಹಬ್ಬವನ್ನು, ಯಾವ ಹಾಡನ್ನು ಬಿಟ್ಟಿರಿ ಎಂದು ಕೇಳಿದ್ದು ಸಾಕು. ಯಾರ ಮನೆಯಲ್ಲಿ ಉಣ್ಣಲು ಶುರುಮಾಡಿದಿರಿ, ಯಾರಿಗೆ ಮಗಳನ್ನು ಕೊಟ್ಟಿರಿ, ತಡೆಹಿಡಿದಿದ್ದ ಯಾರ ಸಂಬಳವನ್ನು ಹಿಂದಿರುಗಿಸಿದಿರಿ ಎಂದು ಕೇಳೋಣ. ಮೇಲ್ಜಾತಿಯಿಂದ ಬಂದವರು ತಮ್ಮ ಹಳೆಯ ಜಾತಿಯನ್ನು ಸಾಕ್ಷಿಯಲ್ಲಿ ಪದವಿಯಂತೆ ಹೇಳಿಕೊಳ್ಳುವುದನ್ನೂ, ಸಭೆ ಅದಕ್ಕೆ ಹೆಚ್ಚು ತಲೆದೂಗುವುದನ್ನೂ ನಿಲ್ಲಿಸೋಣ. ಪೌಲ ನಷ್ಟಕ್ಕೆ ಬರೆದದ್ದನ್ನು ಅದು ಮತ್ತೆ ಲಾಭಕ್ಕೆ ಬರೆಯುತ್ತದೆ. ಮಕ್ಕಳಿಗೆ ಕನ್ನಡದಲ್ಲಿ ಪ್ರಾರ್ಥಿಸಲು ಕಲಿಸೋಣ. ಕಿಟ್ಟೆಲರಿಗೆ ಸಾಕಾದ ಭಾಷೆ ದೇವರಿಗೂ ಸಾಕು. ಊರಿನಲ್ಲಿರುವ ತಂದೆತಾಯಿ ಬೇರೆ ದೇವರಿಗೆ ಕೈಮುಗಿಯುತ್ತಾರೆಂದು ಅವರ ಫೋನಿಗೆ ಉತ್ತರಿಸದಿರುವುದು ವಿಶ್ವಾಸದ ಗುರುತೇ ಅಲ್ಲ.

ಮತಾಂತರವನ್ನು ವಿರೋಧಿಸುವವರಿಗೂ ಒಂದು ಮಾತು. ಹೆಸರು, ಹಬ್ಬ ಹೋಯಿತೆಂಬ ನಿಮ್ಮ ದುಃಖ ಪ್ರಾಮಾಣಿಕವಾಗಿದ್ದರೆ ಅದರಲ್ಲಿ ನಾನೂ ಪಾಲುದಾರ. ಆದರೆ ಮನುಷ್ಯರು ತಮ್ಮ ಗುರುತನ್ನೇ ಬಿಟ್ಟು ಓಡುವಂತೆ ಮಾಡಿದ ಮೇಲುಕೀಳನ್ನು ನೀವು ಎಷ್ಟು ಬಿಟ್ಟಿದ್ದೀರಿ? ಆ ಪ್ರಶ್ನೆಗೆ ಮಠ, ದೇವಸ್ಥಾನ, ಚರ್ಚು ಮೂರರ ಬಳಿಯೂ ಇನ್ನೂ ನೇರವಾದ ಉತ್ತರವಿಲ್ಲ. ಉತ್ತರ ಕೊಡುವ ಮೊದಲ ಹೊಣೆ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಪ್ರತಿ ಭಾನುವಾರ ಬಾಯಿಬಿಟ್ಟು ಹೇಳುವ ನಮ್ಮ ಮೇಲಿದೆ.